ಕೆಂಪು ಟೋಪಿ ಈಗ ಯಾರ ತಲೆಯ ಮೇಲಿದೆ? ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಸಂಕೇತಗಳನ್ನು ಓದುವ ಸಮಗ್ರ ಮಾರ್ಗದರ್ಶಿ

ಈ ಕಾದಂಬರಿಯನ್ನು ಮೊದಲ ಸಲ ಓದಿ ಮುಗಿಸಿದಾಗ ನನ್ನ ಪುಸ್ತಕದ ಅಂಚಿನ ತುಂಬ ಒಂದೇ ಥರದ ಟಿಪ್ಪಣಿಗಳಿದ್ದವು. ‘ಟೋಪಿ = ಒಂಟಿತನ’. ‘ಬಾತುಕೋಳಿ = ಹೋಲ್ಡನ್’. ‘ಮ್ಯೂಸಿಯಂ = ಬದಲಾವಣೆಯ ಭಯ’. ಒಂದೂ ತಪ್ಪಲ್ಲ. ಆದರೆ ಪ್ರಬಂಧ ಬರೆಯಲು ಕೂತಾಗ ಪೇಚಿಗೆ ಸಿಕ್ಕಿಕೊಂಡೆ. ಪ್ರತಿ ಸಂಕೇತದ ಬಗ್ಗೆಯೂ ಹೇಳಲು ನನ್ನ ಹತ್ತಿರ ಒಂದೇ ವಾಕ್ಯ ಇತ್ತು. ಅದನ್ನು ಹೇಳಿದ ಮೇಲೆ ಮುಂದೇನು? ಅದನ್ನೇ ಬೇರೆ ಮಾತಲ್ಲಿ ಇನ್ನೊಂದು ಸಲ ಹೇಳಿದೆ. ತಿದ್ದಿದವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಸರಿ, ಆಮೇಲೆ?’ ಅಂತ ಬರೆದು ವಾಪಸ್ ಕೊಟ್ಟರು.

ಆ ‘ಆಮೇಲೆ?’ಗೆ ಉತ್ತರ ಹುಡುಕುತ್ತ ನಾನು ಕಲಿತ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ತಿರುಳು ಇಷ್ಟೇ. ವಸ್ತುವಿಗೆ ಅರ್ಥ ಅಂಟಿಸುವ ಮುಂಚೆ ಅದರ ಓಡಾಟ ನೋಡಿ. ಯಾರ ಕೈಯಲ್ಲಿತ್ತು, ಯಾರ ಕೈಗೆ ಹೋಯಿತು, ಯಾವಾಗ ಜೇಬು ಸೇರಿತು, ಯಾವಾಗ ಒಡೆಯಿತು. ಅರ್ಥ ಆ ಓಡಾಟದಲ್ಲೇ ಸಿಗುತ್ತದೆ.

ಶುರು ಮಾಡುವ ಮುಂಚೆ: ಕಥೆ ಇಷ್ಟು

ಜೆ. ಡಿ. ಸ್ಯಾಲಿಂಜರ್ ಬರೆದ ಈ ಕಾದಂಬರಿ 1951ರ ಜುಲೈನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಒಟ್ಟು 26 ಅಧ್ಯಾಯ. ಕಥೆ ಹೇಳುವವನು ಹೋಲ್ಡನ್ ಕಾಲ್‌ಫೀಲ್ಡ್. ಘಟನೆ ನಡೆದಾಗ ಅವನಿಗೆ 16, ಹೇಳುವಾಗ 17. ಪೆನ್ಸಿಲ್ವೇನಿಯಾದ ಪೆನ್ಸಿ ಎಂಬ ವಸತಿ ಶಾಲೆಯಿಂದ ಅವನನ್ನು ಹೊರಗೆ ಹಾಕಿದ್ದಾರೆ. ಕ್ರಿಸ್‌ಮಸ್ ರಜೆ ಹತ್ತಿರ ಇದೆ. ಮನೆಗೆ ಹೋಗುವ ಧೈರ್ಯ ಇಲ್ಲದೆ ಶನಿವಾರ ರಾತ್ರಿ ರೈಲು ಹತ್ತಿ ನ್ಯೂಯಾರ್ಕಿಗೆ ಬಂದು, ಸೋಮವಾರದವರೆಗೆ ಊರೆಲ್ಲ ಸುತ್ತುತ್ತಾನೆ. ಕಥೆ ಅಂದರೆ ಇಷ್ಟೇ.

ಇದರ ಅಡಿಯಲ್ಲಿ ಇನ್ನೊಂದು ಕಥೆ ಇದೆ. ಹೋಲ್ಡನ್‌ಗೆ 13 ವರ್ಷ ಆಗಿದ್ದಾಗ, ಅವನಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಆಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಅಣ್ಣ ಡಿ.ಬಿ. ಹಾಲಿವುಡ್‌ನಲ್ಲಿ ಬರಹಗಾರ. ತಂಗಿ ಫೀಬಿಗೆ 10 ವರ್ಷ. ಕಾದಂಬರಿಯ ಮುಖ್ಯ ಸಂಕೇತಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಆಲಿಗೆ ಹೋಗಿ ಮುಟ್ಟುತ್ತವೆ. ಇದನ್ನು ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಆದ ಹಾಗೆ.

ಹಂತ 1: ಮೊದಲ ಓದಿನಲ್ಲಿ ಪೆನ್ಸಿಲ್ ಬೇಡ

ಸುಮ್ನೆ ಓದಿ. ಹೋಲ್ಡನ್ ಮಾತಾಡುವ ರೀತಿಗೆ ಕಿವಿ ಒಗ್ಗಲಿ. ಅವನು ಬೈಯುತ್ತಾನೆ, ಉತ್ಪ್ರೇಕ್ಷೆ ಮಾಡುತ್ತಾನೆ, ಹೇಳುತ್ತಿದ್ದದ್ದನ್ನು ಬಿಟ್ಟು ಇನ್ನೆಲ್ಲಿಗೋ ಹೋಗುತ್ತಾನೆ. ತಾನು ದೊಡ್ಡ ಸುಳ್ಳುಗಾರ ಅಂತ ತಾನೇ ಹೇಳಿಕೊಳ್ಳುತ್ತಾನೆ. ಮೊದಲ ಓದಿನಲ್ಲೇ ಗೆರೆ ಎಳೆಯಲು ಹೋದರೆ ನೀವು ಓದುವುದು ಹೋಲ್ಡನ್‌ನನ್ನಲ್ಲ, ಬರಲಿರುವ ಪರೀಕ್ಷೆಯನ್ನು.

ಹಂತ 2: ಎರಡನೇ ಓದಿಗೆ ಒಂದು ನೋಟ್‌ಬುಕ್

ಈಗ ಪೆನ್ಸಿಲ್ ತಗೊಳ್ಳಿ. ಒಂದು ವಸ್ತುವಿಗೆ ಒಂದು ಪುಟ. ಪ್ರತಿ ಪುಟದಲ್ಲಿ ನಾಲ್ಕು ಕಾಲಂ ಸಾಕು. ಯಾವ ಅಧ್ಯಾಯ, ವಸ್ತು ಯಾರ ಹತ್ತಿರ ಇದೆ, ಅದನ್ನು ಏನು ಮಾಡಿದರು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ಪುಟ ಸಂಖ್ಯೆ ಬೇಡ, ಅಧ್ಯಾಯ ಬರೆಯಿರಿ. ಒಂದೊಂದು ಮುದ್ರಣದಲ್ಲಿ ಪುಟ ಒಂದೊಂದು ಥರ ಇರುತ್ತದೆ.

‘ಅರ್ಥ’ ಅಂತ ಐದನೇ ಕಾಲಂ ಹಾಕಬೇಡಿ. ಕಾಲಂ ಇದ್ದರೆ ಕೈ ಅದನ್ನು ತುಂಬಿಸದೆ ಬಿಡುವುದಿಲ್ಲ.

ಶುರುವಿಗೆ ಇಷ್ಟು ಪುಟ ತೆರೆಯಿರಿ: ಕೆಂಪು ಟೋಪಿ, ಆಲಿಯ ಬೇಸ್‌ಬಾಲ್ ಗ್ಲೌಸ್, ಬಾತುಕೋಳಿಗಳು, ಮ್ಯೂಸಿಯಂ, ಬೀಳುವುದು ಮತ್ತು ಹಿಡಿಯುವುದು, ಒಡೆದ ಗ್ರಾಮಫೋನ್ ರೆಕಾರ್ಡ್. ಕೊನೆಗೆ ಎರಡು ಖಾಲಿ ಪುಟ ಇರಲಿ. ಅವು ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಒಂದೇ ವಸ್ತುವಿನ ಬೆನ್ನು ಹತ್ತಿ

ಟೋಪಿಯಿಂದ ಶುರು ಮಾಡೋಣ. ನನ್ನ ನೋಟ್‌ಬುಕ್‌ನ ಆ ಪುಟ ಹೆಚ್ಚು ಕಡಿಮೆ ಹೀಗಿದೆ.

ಹೋಲ್ಡನ್ ಕತ್ತಿವರಸೆ ತಂಡದ ಮ್ಯಾನೇಜರ್. ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ತಂಡದ ಕತ್ತಿಗಳನ್ನೆಲ್ಲ ಮರೆತು ಇಳಿದುಬಿಟ್ಟಿದ್ದಾನೆ. ಆ ಬೆಳಗ್ಗೆಯೇ ಒಂದು ಡಾಲರ್ ಕೊಟ್ಟು ಬೇಟೆಗಾರರ ಕೆಂಪು ಟೋಪಿ ಕೊಳ್ಳುತ್ತಾನೆ. ಅಂದರೆ ಕಳಕೊಂಡ ಗಳಿಗೆಯಲ್ಲೇ ಟೋಪಿ ಬಂದದ್ದು. ಇದು ಮೊದಲ ಸಾಲು.

ಮುಂಭಾಗವನ್ನು ಹಿಂದಕ್ಕೆ ತಿರುಗಿಸಿ ಹಾಕಿಕೊಳ್ಳುತ್ತಾನೆ. ಪಕ್ಕದ ರೂಮಿನ ಆಕ್ಲಿ, ಇದು ಜಿಂಕೆ ಹೊಡೆಯುವವರ ಟೋಪಿ ಅಂತಾನೆ. ಅಲ್ಲ, ಮನುಷ್ಯರನ್ನು ಹೊಡೆಯುವ ಟೋಪಿ ಅಂತ ಹೋಲ್ಡನ್ ಉತ್ತರ ಕೊಡುತ್ತಾನೆ. ತಮಾಷೆ ಹೌದು, ಆದರೆ ಮುಳ್ಳಿರುವ ತಮಾಷೆ.

ಐದನೇ ಅಧ್ಯಾಯದಲ್ಲಿ ರೂಮ್‌ಮೇಟ್ ಸ್ಟ್ರಾಡ್‌ಲೇಟರ್‌ಗಾಗಿ ಒಂದು ಪ್ರಬಂಧ ಬರೆದುಕೊಡಲು ಕೂರುತ್ತಾನೆ. ಕೂರುವ ಮುಂಚೆ ಏನೇನು ಹಾಕಿಕೊಂಡ ಅಂತ ಹೇಳುತ್ತಾನೆ, ಪೈಜಾಮ, ಗೌನು, ಆ ಹಳೇ ಟೋಪಿ. ಆಮೇಲೆ ಬರೆಯುವುದು ಯಾರ ಬಗ್ಗೆ? ಸತ್ತ ತಮ್ಮನ ಗ್ಲೌಸ್ ಬಗ್ಗೆ. ಈ ಸಾಲನ್ನು ನಾನು ಮೂರು ಓದಿನಲ್ಲಿ ಗಮನಿಸಿಯೇ ಇರಲಿಲ್ಲ. ಬಟ್ಟೆಬರೆಯ ವಿವರ ಅಂತ ದಾಟಿಕೊಂಡು ಹೋಗಿದ್ದೆ.

ಸ್ಟ್ರಾಡ್‌ಲೇಟರ್ ಕೈಲಿ ಹೊಡೆಸಿಕೊಂಡು ಮೂಗಲ್ಲಿ ರಕ್ತ ಸುರಿಯುವಾಗ ಮೊದಲು ಹುಡುಕುವುದು ಟೋಪಿಯನ್ನೇ. ಪೆನ್ಸಿ ಬಿಟ್ಟು ಹೋಗುವಾಗ ಅದನ್ನು ಹಾಕಿಕೊಂಡು, ಅಳುತ್ತ, ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಬೈದು ಹೋಗುತ್ತಾನೆ. ಆದರೆ ನ್ಯೂಯಾರ್ಕಿನ ಹೋಟೆಲ್ ಬಾಗಿಲಿಗೆ ಬಂದಾಗ ತೆಗೆದುಬಿಡುತ್ತಾನೆ. ತಲೆ ಕೆಟ್ಟವನ ಹಾಗೆ ಕಾಣಬಾರದಂತೆ. ಬೇರೆಯವನಾಗಿರಬೇಕು ಅನ್ನುವ ಆಸೆ, ಬೇರೆಯವನು ಅಂತ ಜನ ನೋಡಿಬಿಟ್ಟರೆ ಅನ್ನುವ ಹೆದರಿಕೆ, ಎರಡೂ ಆ ಒಂದು ಟೋಪಿ ತೆಗೆಯುವುದರಲ್ಲಿವೆ.

23ನೇ ಅಧ್ಯಾಯದಲ್ಲಿ ಕೋಟಿನ ಜೇಬಿನಿಂದ ತೆಗೆದು ಫೀಬಿಗೆ ಕೊಡುತ್ತಾನೆ. 25ರಲ್ಲಿ ಅವಳು ಅದನ್ನೇ ಹಾಕಿಕೊಂಡು, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು, ನಾನೂ ನಿನ್ನ ಜೊತೆ ಓಡಿ ಬರುತ್ತೇನೆ ಅಂತ ನಿಲ್ಲುತ್ತಾಳೆ. ಬೇಡ ಅಂದದ್ದಕ್ಕೆ ಸಿಟ್ಟಾಗಿ ಟೋಪಿಯನ್ನು ಅವನ ಮುಖಕ್ಕೇ ಎಸೆಯುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಪಾರ್ಕಿನ ಕುದುರೆ ತೊಟ್ಟಿಲ (ಮಕ್ಕಳು ಆಟದ ಕುದುರೆಗಳ ಮೇಲೆ ಕೂತು ಸುತ್ತುವ ಕ್ಯಾರೊಸೆಲ್) ಹತ್ತಿರ ಅವಳೇ ಅವನ ಜೇಬಿಗೆ ಕೈ ಹಾಕಿ, ತೆಗೆದು, ಅವನ ತಲೆಗೆ ಹಾಕುತ್ತಾಳೆ.

ಈಗ ಇಡೀ ಪುಟ ಒಂದು ಸಲ ಕಣ್ಣಾಡಿಸಿ. ಕಾದಂಬರಿಯ ಉದ್ದಕ್ಕೂ ಟೋಪಿಯನ್ನು ಹೋಲ್ಡನ್ ತಾನೇ ಹಾಕಿಕೊಳ್ಳುತ್ತಾನೆ, ತಾನೇ ತೆಗೆಯುತ್ತಾನೆ. ಇನ್ನೊಬ್ಬರು ಅವನ ತಲೆಗೆ ಅದನ್ನು ಇಡುವುದು ಕೊನೆಯಲ್ಲಿ ಮಾತ್ರ. ಇಟ್ಟವಳು ಹತ್ತು ವರ್ಷದ ಹುಡುಗಿ. ‘ಟೋಪಿ = ಒಂಟಿತನ’ ಅನ್ನುವ ಟಿಪ್ಪಣಿಗೆ ಇದು ಸಿಗುವುದೇ ಇಲ್ಲ, ಅಲ್ವಾ? ಒಂಟಿತನದ ಗುರುತಾಗಿ ಶುರುವಾದದ್ದು ಕೊನೆಗೆ ಒಬ್ಬರು ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತದೆ.

ಹಂತ 4: ಹೇಳುವವನು ಏನನ್ನು ಹೇಳುತ್ತಿಲ್ಲ, ಕೇಳಿಕೊಳ್ಳಿ

ಟೋಪಿ ಕೆಂಪು. ಆಲಿಯ ಕೂದಲು ಕೆಂಪು. ಫೀಬಿಯ ಕೂದಲೂ ಕೆಂಪು. ಮೂರೂ ಸಂಗತಿಯನ್ನು ಹೋಲ್ಡನ್ನೇ ಹೇಳುತ್ತಾನೆ. ಆದರೆ ಮೂರನ್ನೂ ಒಂದು ಕಡೆ ಸೇರಿಸಿ ಎಂದೂ ಹೇಳುವುದಿಲ್ಲ. ಅವನಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಮುಟ್ಟಲು ಧೈರ್ಯ ಇಲ್ಲವೋ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಯಾರಾದರೂ ಎದುರಿಗೆ ನಿಂತು ಕೇಳಿದರೆ, ಅಗ್ಗಕ್ಕೆ ಸಿಕ್ಕಿತು, ತಗೊಂಡೆ ಅಂತಷ್ಟೇ ಹೇಳಿಯಾನು.

ಈ ಕಾದಂಬರಿಯಲ್ಲಿ ಸಂಕೇತಗಳ ಕೆಲಸವೇ ಅದು. ಹೋಲ್ಡನ್ ಬಾಯಿ ಬಿಟ್ಟು ಹೇಳಲಾರದ್ದನ್ನು ವಸ್ತುಗಳು ಹೇಳುತ್ತವೆ. ಹಾಗಾಗಿ ಅವನು ಯಾವುದನ್ನು ಜೋರಾಗಿ ವಿವರಿಸುತ್ತಾನೋ ಅದಕ್ಕಿಂತ, ಯಾವುದನ್ನು ಹೇಳಿ ತಕ್ಷಣ ಮಾತು ಬದಲಿಸುತ್ತಾನೋ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿ.

ಗ್ಲೌಸ್ ನೋಡಿ. ಆಲಿ ಎಡಗೈಯವನು. ಬೇಸ್‌ಬಾಲ್‌ನಲ್ಲಿ ಫೀಲ್ಡಿಂಗ್ ಮಾಡುವವರು ಹಾಕಿಕೊಳ್ಳುವ ದಪ್ಪ ತೊಗಲಿನ ಗ್ಲೌಸ್ ಅದು. ಅದರ ಬೆರಳು, ಅಂಗೈ, ಎಲ್ಲ ಕಡೆ ಆಲಿ ಹಸಿರು ಶಾಯಿಯಲ್ಲಿ ಕವಿತೆ ಬರೆದಿಟ್ಟಿದ್ದ. ಮೈದಾನದಲ್ಲಿ ನಿಂತಾಗ, ಬ್ಯಾಟ್ ಮಾಡುವವರು ಇನ್ನೂ ಬಂದಿಲ್ಲದ ಹೊತ್ತಲ್ಲಿ ಓದಲು ಏನಾದರೂ ಇರಲಿ ಅಂತ. ಎಂಥ ಹುಡುಗ!

ಇಲ್ಲಿ ಸಾಮಾನ್ಯವಾಗಿ ಎಲ್ಲರೂ ಕವಿತೆಯ ಮೇಲೆ ಗಮನ ಇಡುತ್ತಾರೆ. ನಾನು ಹೇಳುವುದು, ಗ್ಲೌಸ್ ಯಾವುದಕ್ಕೆ ಇರುವುದು ಅಂತ ಮೊದಲು ಕೇಳಿ. ಹಿಡಿಯುವುದಕ್ಕೆ. ಗಾಳಿಯಲ್ಲಿ ಬರುವ ಚೆಂಡು ನೆಲಕ್ಕೆ ಬೀಳದ ಹಾಗೆ ಹಿಡಿಯುವುದಕ್ಕೆ. ಕಾದಂಬರಿಯ ಹೆಸರಲ್ಲಿರುವ ‘ಕ್ಯಾಚರ್’ ಪದ 22ನೇ ಅಧ್ಯಾಯಕ್ಕೆ ಬರುವ ಎಷ್ಟೋ ಮುಂಚೆ, ಐದನೇ ಅಧ್ಯಾಯದಲ್ಲೇ ಹಿಡಿಯುವ ಸಾಧನವೊಂದು ಹೋಲ್ಡನ್ ಪೆಟ್ಟಿಗೆಯಲ್ಲಿ ಕೂತಿದೆ. ಅದು ಸತ್ತ ತಮ್ಮನದು.

ಅದೇ ಪುಟದಲ್ಲಿ ಇನ್ನೊಂದು ವಿಷಯ ಬರುತ್ತದೆ. ಆಲಿ ಸತ್ತ ರಾತ್ರಿ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿದ್ದ. ಬರಿಗೈಯಲ್ಲಿ ಗುದ್ದಿ ಗ್ಯಾರೇಜಿನ ಕಿಟಕಿಗಳನ್ನೆಲ್ಲ ಒಡೆದ. ಕಾರಿನ ಕಿಟಕಿಗೂ ಗುದ್ದಲು ಹೋದ, ಅಷ್ಟೊತ್ತಿಗೆ ಕೈ ಮುರಿದಿತ್ತು. ಇವತ್ತಿಗೂ ಮುಷ್ಟಿ ಬಿಗಿಯಾಗಿ ಕಟ್ಟಲು ಆಗುವುದಿಲ್ಲ, ಮಳೆ ಬಂದಾಗ ನೋಯುತ್ತದೆ ಅಂತ ಹೇಳಿ ಮುಂದೆ ಹೋಗುತ್ತಾನೆ. ಮಕ್ಕಳನ್ನು ಹಿಡಿಯುವವನಾಗಬೇಕು ಅಂತ ಆಮೇಲೆ ಹೇಳುವ ಹುಡುಗನ ಕೈಗೇ ಗಟ್ಟಿ ಹಿಡಿತ ಇಲ್ಲ. ಸ್ಯಾಲಿಂಜರ್ ಇದನ್ನು ಎಲ್ಲೂ ಎತ್ತಿ ತೋರಿಸುವುದಿಲ್ಲ.

(ಹಸಿರು ಶಾಯಿ ಅಂದರೆ ಪ್ರಕೃತಿ, ಬೆಳವಣಿಗೆ ಅಂತ ಬರೆಯುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಹುಡುಗನ ಹತ್ತಿರ ಹಸಿರು ಪೆನ್ ಇತ್ತು ಅಷ್ಟೇ ಇರಬಹುದು.)

ಹಂತ 5: ಪ್ರಶ್ನೆ ಯಾವಾಗ ಬಂತು ನೋಡಿ

ಚಳಿಗಾಲದಲ್ಲಿ ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ? ಕಾದಂಬರಿಯ ಪ್ರಸಿದ್ಧ ಪ್ರಶ್ನೆ. ಇದನ್ನು ಅವನು ಟ್ಯಾಕ್ಸಿ ಡ್ರೈವರ್‌ಗೆ ಕೇಳುವುದು ಎಲ್ಲರಿಗೂ ನೆನಪಿರುತ್ತದೆ. ಆದರೆ ಅದು ಮೊದಲು ತಲೆಗೆ ಬರುವುದು ಎರಡನೇ ಅಧ್ಯಾಯದಲ್ಲಿ. ಇತಿಹಾಸದ ಮೇಷ್ಟ್ರು ಸ್ಪೆನ್ಸರ್ ಎದುರಿಗೆ ಕೂರಿಸಿಕೊಂಡು, ಫೇಲಾದ ಉತ್ತರಪತ್ರಿಕೆ ಓದಿ ಹೇಳಿ, ಮುಂದೇನು ಮಾಡ್ತೀಯಪ್ಪಾ ಅನ್ನುವ ಥರದ ಉಪದೇಶ ಮಾಡುತ್ತಿದ್ದಾರೆ. ಹೋಲ್ಡನ್ ಬಾಯಲ್ಲಿ ಹೂಂ ಅನ್ನುತ್ತಿದ್ದಾನೆ. ತಲೆಯಲ್ಲಿ ಬಾತುಕೋಳಿ.

ನಾಲ್ಕನೇ ಕಾಲಂ ಇಟ್ಟದ್ದು ಇದಕ್ಕೇ. ‘ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು’ ಅಂತ ತುಂಬಿಸಿದರೆ ಪ್ರಶ್ನೆಯ ಹಿಂದಿನ ಪ್ರಶ್ನೆ ಸಿಗುತ್ತದೆ. ಇರುವ ಜಾಗ ಕೈಬಿಟ್ಟು ಹೋದಾಗ ಎಲ್ಲಿಗೆ ಹೋಗಬೇಕು, ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರಾ?

12ನೇ ಅಧ್ಯಾಯದ ಡ್ರೈವರ್ ಹೋರ್ವಿಟ್ಜ್‌ಗೆ ಬಾತುಕೋಳಿ ಸುದ್ದಿ ಬೇಡ. ಅವನು ಮೀನಿನ ಬಗ್ಗೆ ಸಿಟ್ಟಿನಲ್ಲಿ ವಾದ ಮಾಡುತ್ತಾನೆ. ಮೀನುಗಳು ಮಂಜುಗಡ್ಡೆಯಲ್ಲೇ ಹೆಪ್ಪುಗಟ್ಟಿ ಇರುತ್ತವಂತೆ, ಮೈಯ ರಂಧ್ರಗಳಿಂದ ಆಹಾರ ಎಳೆದುಕೊಳ್ಳುತ್ತವಂತೆ. ವಿಜ್ಞಾನ ಪೂರ್ತಿ ತಪ್ಪು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚು ಸಾಂದ್ರ ಆಗಿರುವುದರಿಂದ ಆ ನೀರು ತಳಕ್ಕೆ ಇಳಿಯುತ್ತದೆ, ಮೇಲೆ ಮಾತ್ರ ಮಂಜು ಕಟ್ಟುತ್ತದೆ, ಮೀನು ಕೆಳಗಿನ ನೀರಲ್ಲಿ ಬದುಕಿರುತ್ತದೆ. ಆದರೂ ಹೋರ್ವಿಟ್ಜ್‌ನ ಮಾತಿಗೆ ಬೆಲೆ ಇದೆ. ಎಷ್ಟೇ ಒರಟಾಗಿದ್ದರೂ ಅವನೊಬ್ಬ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡ. ನೀನು ಮೀನಾಗಿದ್ದರೆ ಪ್ರಕೃತಿ ನಿನ್ನನ್ನು ನೋಡಿಕೊಳ್ಳುತ್ತಿರಲಿಲ್ಲವೇ ಅನ್ನುವ ಅರ್ಥದ ಮಾತು ಹೇಳಿ ಹೋಗುತ್ತಾನೆ. ಆ ರಾತ್ರಿ ಹೋಲ್ಡನ್‌ಗೆ ಅದಕ್ಕಿಂತ ಒಳ್ಳೆಯ ಉತ್ತರ ಯಾರೂ ಕೊಡಲಿಲ್ಲ.

20ನೇ ಅಧ್ಯಾಯದಲ್ಲಿ ಕುಡಿದು ತಾನೇ ಹುಡುಕಿಕೊಂಡು ಹೋಗುತ್ತಾನೆ. ಕತ್ತಲು. ಕೊಳದ ಸುತ್ತ ತಡಕಾಡುತ್ತಾನೆ, ನೀರಿಗೆ ಬೀಳುವುದು ಸ್ವಲ್ಪದರಲ್ಲೇ ತಪ್ಪುತ್ತದೆ. ಒಂದೂ ಬಾತುಕೋಳಿ ಇಲ್ಲ. ಪಾರ್ಕಿಗೆ ಕಾಲಿಡುವಾಗಲೇ ಫೀಬಿಗೆ ಅಂತ ಕೊಂಡ ರೆಕಾರ್ಡ್ ಕೈಜಾರಿ ಬಿದ್ದು ಚೂರು ಚೂರಾಗಿದೆ. ಚೂರುಗಳನ್ನು ಎಸೆಯದೆ ಜೇಬಿಗೆ ಹಾಕಿಕೊಂಡಿದ್ದಾನೆ. ಮನೆಗೆ ಹೋಗಿ ಅವನ್ನು ತೋರಿಸಿದಾಗ ಫೀಬಿ ಕೊಡು ಅಂತ ತಗೊಂಡು ಡ್ರಾಯರ್‌ನಲ್ಲಿ ಎತ್ತಿಡುತ್ತಾಳೆ. ರೆಕಾರ್ಡಿನ ಪುಟಕ್ಕೆ ಈ ಎರಡು ಸಾಲು ಸಾಕು. ವಿವರಿಸಲು ಹೋದರೆ ಹಾಳಾಗುತ್ತದೆ.

ಹಂತ 6: ಜೋಡಿ ದೃಶ್ಯಗಳನ್ನು ಹೊಂದಿಸಿ

ಒಳ್ಳೆಯ ಕಾದಂಬರಿಕಾರ ಒಂದು ಸಂಕೇತವನ್ನು ಎರಡು ಸಲ ತಂದರೆ, ಎರಡನೇ ಸಲ ಏನೋ ಬದಲಾಗಿರುತ್ತದೆ. ಆ ಬದಲಾವಣೆಯೇ ನಿಮ್ಮ ಪ್ರಬಂಧ.

ಮ್ಯೂಸಿಯಂ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾದಂಬರಿಯಲ್ಲಿ ಮ್ಯೂಸಿಯಂ ಒಂದಲ್ಲ, ಎರಡು. 16ನೇ ಅಧ್ಯಾಯದ್ದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಗಾಜಿನ ಹಿಂದೆ ಮೀನು ಹಿಡಿಯುತ್ತಿರುವ ಎಸ್ಕಿಮೊ, ನೀರು ಕುಡಿಯುವ ಜಿಂಕೆ, ದಕ್ಷಿಣಕ್ಕೆ ಹಾರುವ ಹಕ್ಕಿಗಳು. ಎಷ್ಟು ಸಲ ಹೋದರೂ ಅವು ಹಾಗೇ ಇರುತ್ತವೆ, ಬದಲಾಗಿರುವುದು ನೋಡಲು ಹೋದ ನೀವು ಅಂತಾನೆ ಹೋಲ್ಡನ್. ಅಷ್ಟು ಪ್ರೀತಿಯಿಂದ ಹೇಳಿ, ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ವಾಪಸ್ ಬರುತ್ತಾನೆ. ಬಾಲ್ಯದ ನೆನಪನ್ನು ಹೋಗಿ ಪರೀಕ್ಷಿಸಲು ಹೆದರಿಕೆ.

25ನೇ ಅಧ್ಯಾಯದಲ್ಲಿ ಫೀಬಿಗೆ ಕಾಯುವುದು ಸೆಂಟ್ರಲ್ ಪಾರ್ಕಿನ ಇನ್ನೊಂದು ಬದಿಯ ಆರ್ಟ್ ಮ್ಯೂಸಿಯಂನಲ್ಲಿ. ಇಲ್ಲಿ ಒಳಗೆ ಹೋಗುತ್ತಾನೆ. ಈಜಿಪ್ಟಿನ ಸಮಾಧಿ, ಮಮ್ಮಿಗಳು. ಎರಡನೇ ಅಧ್ಯಾಯಕ್ಕೆ ಹಿಂದಿರುಗಿ ನೋಡಿ, ಅವನು ಫೇಲಾದ ಉತ್ತರಪತ್ರಿಕೆಯೂ ಈಜಿಪ್ಟಿನವರ ಬಗ್ಗೆ, ಮಮ್ಮಿ ಕೆಡದ ಹಾಗೆ ಇಡುವುದರ ಬಗ್ಗೆಯೇ ಇತ್ತು. ಏನೂ ಕೆಡದ, ಬದಲಾಗದ ಜಾಗ ಅಂದರೆ ಇದೇ. ಆದರೆ ಅಲ್ಲೂ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಹೊಲಸು ಮಾತು ಬರೆದಿದ್ದಾರೆ. ಅದಕ್ಕೆ ಮುಂಚೆ ಫೀಬಿಯ ಶಾಲೆಯ ಗೋಡೆಯಲ್ಲೂ ಅದೇ ಮಾತು ಎರಡು ಸಲ ಕಂಡಿತ್ತು. ಮೊದಲನೆಯದನ್ನು ಕೈಯಿಂದ ಉಜ್ಜಿ ಅಳಿಸಿದ್ದ. ಎರಡನೆಯದನ್ನು ಚಾಕುವಿನಿಂದ ಕೆತ್ತಿದ್ದರು, ಅಳಿಸಲು ಆಗಲಿಲ್ಲ. ಸತ್ತವರ ಸಮಾಧಿಯೂ ಸುರಕ್ಷಿತ ಅಲ್ಲ ಅಂತ ಅಲ್ಲಿ ಅವನಿಗೆ ತಟ್ಟುತ್ತದೆ.

ಇನ್ನೊಂದು ಜೋಡಿ ಕಾದಂಬರಿಯ ಹೆಸರಿನದೇ. 22ನೇ ಅಧ್ಯಾಯದಲ್ಲಿ ಹೋಲ್ಡನ್ ತನ್ನ ಕನಸು ಹೇಳುತ್ತಾನೆ. ರೈ ಎಂಬ, ಗೋಧಿಯಂಥ ಧಾನ್ಯದ ಹೊಲದಲ್ಲಿ ಸಾವಿರಾರು ಮಕ್ಕಳು ಆಡುತ್ತಿರುತ್ತಾರೆ, ಪಕ್ಕದಲ್ಲೇ ಪ್ರಪಾತ, ಅಂಚಿಗೆ ಬಂದವರನ್ನು ಇವನು ಹಿಡಿಯಬೇಕು. ಇದು ರಾಬರ್ಟ್ ಬರ್ನ್ಸ್ ಎಂಬ ಸ್ಕಾಟಿಷ್ ಕವಿಯ ಪದ್ಯದ ಸಾಲನ್ನು ತಪ್ಪಾಗಿ ನೆನಪಿಟ್ಟುಕೊಂಡದ್ದರಿಂದ ಹುಟ್ಟಿದ ಕನಸು. ಪದ್ಯದಲ್ಲಿ ಇರುವುದು ‘ಎದುರಾದರೆ’ ಅಂತ, ಹೋಲ್ಡನ್ ತಲೆಯಲ್ಲಿರುವುದು ‘ಹಿಡಿದರೆ’ ಅಂತ. ಫೀಬಿ ತಕ್ಷಣ ತಿದ್ದುತ್ತಾಳೆ. ಇಡೀ ಕನಸು ಒಂದು ತಪ್ಪು ಪದದ ಮೇಲೆ ನಿಂತಿದೆ, ಹತ್ತು ವರ್ಷದ ತಂಗಿಗೆ ಅದು ಗೊತ್ತು.

25ರಲ್ಲಿ ಕುದುರೆ ತೊಟ್ಟಿಲು ತಿರುಗುತ್ತದೆ. ಸುತ್ತುವಾಗ ಪಕ್ಕದಲ್ಲಿ ಸಿಕ್ಕಿಸಿಟ್ಟ ಚಿನ್ನದ ಬಣ್ಣದ ಉಂಗುರವನ್ನು ಕಿತ್ತುಕೊಳ್ಳುವುದು ಆಟ; ಮಕ್ಕಳು ಕೂತಲ್ಲಿಂದಲೇ ಅದಕ್ಕೆ ಕೈ ಚಾಚುತ್ತಾರೆ. ಫೀಬಿ ಬಿದ್ದಾಳು ಅಂತ ಹೋಲ್ಡನ್‌ಗೆ ಭಯ. ಆದರೆ ಎದ್ದು ಹೋಗುವುದಿಲ್ಲ, ಕೂಗುವುದೂ ಇಲ್ಲ. ಬಿದ್ದರೆ ಬೀಳಲಿ, ಹೇಳಬಾರದು ಅಂತ ಸುಮ್ಮನೆ ಕೂರುತ್ತಾನೆ. ಹಿಡಿಯುವವನು ಕೈ ಕಟ್ಟಿಕೊಂಡು ನೋಡುವವನಾದ. ಎರಡು ದೃಶ್ಯಗಳ ನಡುವೆ ಇರುವುದು ಒಂದೇ ದಿನ.

ನಡುವೆ ಜೇಮ್ಸ್ ಕ್ಯಾಸಲ್ ಎಂಬ ಹುಡುಗನನ್ನೂ ಮರೆಯಬೇಡಿ. ಹಳೇ ಶಾಲೆಯೊಂದರಲ್ಲಿ ಕಾಟ ತಾಳಲಾರದೆ ಕಿಟಕಿಯಿಂದ ಹಾರಿದವನು. ಆಗ ಅವನ ಮೈಮೇಲೆ ಇದ್ದದ್ದು ಹೋಲ್ಡನ್‌ನಿಂದ ಎರವಲು ಪಡೆದ ಸ್ವೆಟರ್. ಯಾರೂ ಹಿಡಿಯಲಿಲ್ಲ. ‘ಬೀಳುವುದು’ ಪುಟದಲ್ಲಿ ಈ ಸಾಲು ಇಲ್ಲದಿದ್ದರೆ ಪ್ರಪಾತದ ಕನಸು ಬರೀ ಮುದ್ದು ಕಲ್ಪನೆಯಾಗಿ ಉಳಿಯುತ್ತದೆ.

ಹಂತ 7: ಯಾರ ಪಟ್ಟಿಯಲ್ಲೂ ಇಲ್ಲದ ಒಂದನ್ನು ಹುಡುಕಿ

ಖಾಲಿ ಬಿಟ್ಟ ಎರಡು ಪುಟ ಇದಕ್ಕೆ. ಟೋಪಿ, ಬಾತುಕೋಳಿ, ಮ್ಯೂಸಿಯಂ ಪ್ರತಿ ಗೈಡಿನಲ್ಲೂ ಸಿಗುತ್ತವೆ. ನಿಮ್ಮದೇ ಅಂತ ಒಂದು ಎಳೆ ಬೇಕು. ನನಗೆ ಸಿಕ್ಕಿದ್ದು ಮಳೆ.

ಮೊದಲ ಸುಳಿವು ಮೇಲೆಯೇ ಬಂತು. ಮಳೆ ಬಂದಾಗ ಅವನ ಕೈ ನೋಯುತ್ತದೆ, ಐದನೇ ಅಧ್ಯಾಯ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಮುರಿದ ಮೂಳೆ ಯಾರದ್ದಾದರೂ ನೋಯುತ್ತದೆ.

16ನೇ ಅಧ್ಯಾಯದಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವಾಸನೆ ನೆನೆಯುತ್ತಾನೆ. ಮಳೆ ಇಲ್ಲದಿದ್ದರೂ, ಹೊರಗೆ ಮಳೆ ಬರುತ್ತಿದೆ ಅನ್ನುವ ಹಾಗೆ ಒಳಗೆ ವಾಸನೆ ಇರುತ್ತಿತ್ತಂತೆ. ಇಡೀ ಜಗತ್ತಿನಲ್ಲಿ ಬೆಚ್ಚಗೆ, ಒಣಗಿರುವ ಜಾಗ ಇದೊಂದೇ, ಅದರೊಳಗೆ ನಾವಿದ್ದೇವೆ ಅನಿಸುತ್ತಿತ್ತಂತೆ. ಇಲ್ಲಿ ನಾನು ಪೆನ್ಸಿಲ್ ಎತ್ತಿಕೊಂಡೆ.

20ನೇ ಅಧ್ಯಾಯ. ಕೊಳದ ಪಕ್ಕದ ಬೆಂಚಿನಲ್ಲಿ ಚಳಿಗೆ ನಡುಗುತ್ತ, ತಾನು ನ್ಯುಮೋನಿಯಾ ಬಂದು ಸತ್ತರೆ ಅಂತ ಯೋಚಿಸುತ್ತಾನೆ. ಅಲ್ಲಿಂದ ಆಲಿಯ ಸಮಾಧಿಗೆ ಮನಸ್ಸು ಹೋಗುತ್ತದೆ. ಅಂತ್ಯಕ್ರಿಯೆಗೆ ಇವನು ಹೋಗಿರಲಿಲ್ಲ, ಮುರಿದ ಕೈ ಇಟ್ಟುಕೊಂಡು ಆಸ್ಪತ್ರೆಯಲ್ಲಿದ್ದ. ಆಮೇಲೆ ಸಮಾಧಿ ನೋಡಲು ಹೋದಾಗ ಎರಡು ಸಲ ಮಳೆ ಬಂತು. ಕಲ್ಲಿನ ಮೇಲೆ ಮಳೆ, ಆಲಿಯ ಹೊಟ್ಟೆಯ ಮೇಲಿನ ಹುಲ್ಲಿಗೆ ಮಳೆ. ಬಂದಿದ್ದವರೆಲ್ಲ ಕಾರಿನತ್ತ ಓಡಿದರು. ಅವರಿಗೆ ಕಾರಿದೆ, ರೇಡಿಯೊ ಇದೆ, ಹಾಕಿಕೊಂಡು ಎಲ್ಲಾದರೂ ಒಳ್ಳೆಯ ಕಡೆ ಊಟಕ್ಕೆ ಹೋಗಬಹುದು. ಆಲಿಗೆ ಮಾತ್ರ ಆಗುವುದಿಲ್ಲ. ಹೋಲ್ಡನ್‌ಗೆ ತಡೆಯಲಾಗದೆ ಹೋದದ್ದು ಇದು. ಮಳೆ ಬಂದದ್ದಲ್ಲ, ಎಲ್ಲರೂ ಓಡಿದ್ದು.

ಈಗ 25ಕ್ಕೆ ಬನ್ನಿ. ಕುದುರೆ ತೊಟ್ಟಿಲ ಹತ್ತಿರ ಜೋರಾಗಿ ಮಳೆ ಸುರಿಯುತ್ತದೆ. ಮಕ್ಕಳ ಅಪ್ಪ ಅಮ್ಮಂದಿರೆಲ್ಲ ತೊಟ್ಟಿಲಿನ ಚಾವಣಿ ಕೆಳಗೆ ಓಡುತ್ತಾರೆ. ಹೋಲ್ಡನ್ ಬೆಂಚಿನಿಂದ ಏಳುವುದಿಲ್ಲ. ಟೋಪಿ ಸ್ವಲ್ಪ ಕಾಪಾಡುತ್ತದೆ, ಆದರೂ ಕತ್ತು, ಪ್ಯಾಂಟು ಎಲ್ಲ ತೊಯ್ದು ಹೋಗುತ್ತದೆ. ಅವನಿಗೆ ಪರವಾಗಿಲ್ಲ. ಅಳು ಬರುವಷ್ಟು ಖುಷಿ. ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಫೀಬಿ ನೀಲಿ ಕೋಟು ಹಾಕಿಕೊಂಡು ಸುತ್ತುತ್ತಿದ್ದಾಳೆ ಅಷ್ಟೇ.

ಸಮಾಧಿಯ ಹತ್ತಿರ ಎಲ್ಲರೂ ಓಡಿದರು, ಆಲಿ ಉಳಿದ. ಇಲ್ಲಿ ಎಲ್ಲರೂ ಓಡಿದರು, ಹೋಲ್ಡನ್ ಉಳಿದ. ಒಂದು ಕಾಲದಲ್ಲಿ ಜಗತ್ತಿನ ಒಂದೇ ಒಣ ಜಾಗವನ್ನು ಪ್ರೀತಿಸಿದವನು ತಾನಾಗಿಯೇ ನೆನೆಯುತ್ತ ಕೂತಿದ್ದಾನೆ. ಆಲಿಯನ್ನು ಮಳೆಯಲ್ಲಿ ಒಂಟಿಯಾಗಿ ಬಿಟ್ಟು ಬಂದ ಸಂಕಟಕ್ಕೆ ಇದು ತೀರಿಸಿದ ಲೆಕ್ಕವೇ? ನಾನು ಹೌದು ಅನ್ನುತ್ತೇನೆ. ನೀವು ಒಪ್ಪದಿರಬಹುದು. ಬರೀ ಡಿಸೆಂಬರ್ ಮಳೆ ಅನ್ನಿ. ಆದರೆ ನಾಲ್ಕು ಅಧ್ಯಾಯಗಳನ್ನು ಒಂದರ ಕೆಳಗೆ ಒಂದು ಬರೆದು ಇಟ್ಟ ಮೇಲೆ ಹಾಗೆ ಅನ್ನುವುದು ಕಷ್ಟ.

ನಿಮ್ಮ ಎಳೆ ಬೇರೆ ಇರಬಹುದು. ಸೂಟ್‌ಕೇಸುಗಳು, ಫೋನ್ ಮಾಡಬೇಕು ಅಂದುಕೊಂಡು ಮಾಡದೆ ಬಿಟ್ಟ ಕರೆಗಳು, ಚೆಕರ್ಸ್ ಆಟದಲ್ಲಿ ಹೋಲ್ಡನ್‌ನ ಗೆಳತಿ ಜೇನ್ ಹಿಂದಿನ ಸಾಲಲ್ಲೇ ಇಟ್ಟುಕೊಳ್ಳುವ ರಾಜರು. ಕಡೇಪಕ್ಷ ಮೂರು ಅಧ್ಯಾಯದಲ್ಲಿ ಸಿಗಬೇಕು, ಒಂದು ಸಲವಾದರೂ ತಿರುವು ಪಡೆಯಬೇಕು. ಇಷ್ಟು ಇದ್ದರೆ ಎಳೆ ಗಟ್ಟಿ.

ಹಂತ 8: ಯಾವುದನ್ನು ಬಿಡಬೇಕು

ಎಲ್ಲವೂ ಸಂಕೇತ ಅಲ್ಲ. ಅವನು ತಿನ್ನುವ ಚೀಸ್ ಸ್ಯಾಂಡ್‌ವಿಚ್ ಸ್ಯಾಂಡ್‌ವಿಚ್ಚೇ. ಒಂದು ಸುಲಭ ಪರೀಕ್ಷೆ ಇದೆ. ಆ ವಸ್ತುವನ್ನು ಕಥೆಯಿಂದ ತೆಗೆದುಹಾಕಿ. ಬೇರೆ ಅಧ್ಯಾಯದ ಯಾವುದಾದರೂ ದೃಶ್ಯ ಕುಂಟಿತಾ? ಕುಂಟಿದರೆ ಇಟ್ಟುಕೊಳ್ಳಿ.

ಕೆಲವು ಈ ಪರೀಕ್ಷೆಗೆ ಸಿಗುವುದಿಲ್ಲ. ಐದನೇ ಅಧ್ಯಾಯದಲ್ಲಿ ಹೋಲ್ಡನ್ ಹಿಮದ ಉಂಡೆ ಮಾಡುತ್ತಾನೆ. ಕಾರಿಗೆ ಎಸೆಯಬೇಕು ಅಂದುಕೊಳ್ಳುತ್ತಾನೆ, ಕಾರು ಅಷ್ಟು ಬೆಳ್ಳಗೆ ಚೆಂದ ಕಾಣುತ್ತಿದೆ, ಎಸೆಯುವುದಿಲ್ಲ. ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಾನೆ. ಬಸ್ ಹತ್ತುವಾಗ ಡ್ರೈವರ್ ಎಸೆ ಅನ್ನುತ್ತಾನೆ. ಇದು ಮತ್ತೆ ಬರುವುದೇ ಇಲ್ಲ. ಆದರೂ ಇಡೀ ಹುಡುಗ ಆ ಉಂಡೆಯಲ್ಲಿದ್ದಾನೆ. ನಾನಾದರೆ ಇದಕ್ಕೆ ಒಂದು ಪ್ಯಾರಾ ಕೊಡುತ್ತೇನೆ, ಪ್ರಬಂಧದ ಭಾರವನ್ನೆಲ್ಲ ಇದರ ಮೇಲೆ ಹೊರಿಸುವುದಿಲ್ಲ.

ಮುಖಪುಟದ ಚಿತ್ರವನ್ನೂ ಸಾಕ್ಷಿಯಾಗಿ ತರಬೇಡಿ. ಮೊದಲ ಮುದ್ರಣದ ಮುಖಪುಟದಲ್ಲಿ ತೊಟ್ಟಿಲಿನ ಕುದುರೆ ಕೆಂಪಗಿದೆ. ಕಾದಂಬರಿಯಲ್ಲಿ ಫೀಬಿ ಹತ್ತುವುದು ಕಂದು ಬಣ್ಣದ, ಹಳತಾದ ಕುದುರೆ. ಕೆಂಪು ಬಳಿದವರು ಚಿತ್ರಕಾರರು, ಸ್ಯಾಲಿಂಜರ್ ಅಲ್ಲ.

ಹಂತ 9: ಬರೆಯುವುದು

ಈಗ ಐದನೇ ಕಾಲಂ ಸಮಯ. ಸಾಮಾನ್ಯವಾಗಿ ಬರೆಯುವ ವಾಕ್ಯ ಹೀಗಿರುತ್ತದೆ:

‘ಕೆಂಪು ಟೋಪಿಯು ಹೋಲ್ಡನ್‌ನ ಒಂಟಿತನ ಮತ್ತು ವಿಶಿಷ್ಟತೆಯ ಸಂಕೇತವಾಗಿದೆ.’

ವಾಕ್ಯದಲ್ಲಿ ಕ್ರಿಯೆಯೇ ಇಲ್ಲ. ಟೋಪಿ ಏನೂ ಮಾಡುತ್ತಿಲ್ಲ, ಸುಮ್ಮನೆ ‘ಆಗಿದೆ’. ಇದನ್ನೇ ಹೀಗೆ ಬರೆದರೆ:

‘ತಮ್ಮನ ಬಗ್ಗೆ ಬರೆಯುವಾಗ ಹೋಲ್ಡನ್ ಟೋಪಿ ಹಾಕಿಕೊಂಡಿರುತ್ತಾನೆ, ಅಪರಿಚಿತರ ಎದುರು ತೆಗೆಯುತ್ತಾನೆ, ತಂಗಿಗೆ ಕೊಟ್ಟುಬಿಡುತ್ತಾನೆ. ಕೊನೆಗೆ ತಂಗಿ ಅದನ್ನು ಅವನ ತಲೆಗೆ ವಾಪಸ್ ಇಟ್ಟಾಗ, ರಕ್ಷಿಸುವವನಾಗಬೇಕು ಅಂದುಕೊಂಡಿದ್ದವನೇ ರಕ್ಷಣೆ ಪಡೆಯುವವನಾಗುತ್ತಾನೆ.’

ಎರಡನೆಯದರಲ್ಲಿ ನಾಲ್ಕು ದೃಶ್ಯ ಇದೆ, ಒಂದು ತಿರುವು ಇದೆ, ‘ಸಂಕೇತ’ ಅನ್ನುವ ಪದವೇ ಇಲ್ಲ. ಓದಿದವರು ಬೇಕಾದರೆ ವಾದ ಮಾಡಬಹುದು. ‘ಸರಿ, ಆಮೇಲೆ?’ ಅಂತ ಮಾತ್ರ ಬರೆಯಲಾರರು.

ಒಂದು ಪ್ರಬಂಧಕ್ಕೆ ಎರಡು ವಸ್ತು ಸಾಕು. ಏಳನ್ನೂ ಹಾಕಿದರೆ ಅದು ಸಾಮಾನು ಪಟ್ಟಿಯಾಗುತ್ತದೆ. ಗ್ಲೌಸ್ ಜೊತೆ ಉಂಗುರ, ಅಥವಾ ಟೋಪಿ ಜೊತೆ ಮಳೆ, ಹೀಗೆ ಒಂದಕ್ಕೊಂದು ತಾಗುವ ಜೋಡಿ ಆರಿಸಿ. ಹೋಲ್ಡನ್‌ಗೆ ಯಾವ ಕಾಯಿಲೆ ಇತ್ತು ಅಂತ ರೋಗದ ಹೆಸರು ಹುಡುಕಲು ಹೋಗಬೇಡಿ. ಕಾದಂಬರಿ ಹೆಸರು ಕೊಡುವುದಿಲ್ಲ. ಕೊಡುವುದು ಮುರಿದ ಕೈ, ಒದ್ದೆ ಪ್ಯಾಂಟು.

ನೋಟ್‌ಬುಕ್ ಮುಚ್ಚುವ ಮುಂಚೆ ಇನ್ನೊಂದು ಕೆಲಸ ಬಾಕಿ ಇದೆ. ಪ್ರತಿ ಪುಟದ ಕೊನೆಗೆ 26ನೇ ಅಧ್ಯಾಯದ ಸಾಲು ಎಳೆಯಿರಿ. ಅದು ತೀರಾ ಸಣ್ಣ ಅಧ್ಯಾಯ. ಹೋಲ್ಡನ್ ಈಗ ಹಾಲಿವುಡ್‌ನಿಂದ ಹೆಚ್ಚು ದೂರ ಅಲ್ಲದ ಕಡೆ ಚಿಕಿತ್ಸೆಯಲ್ಲಿದ್ದಾನೆ. ಅಣ್ಣ ಬಂದು ನೋಡಿಕೊಂಡು ಹೋಗುತ್ತಾನೆ. ಹೋಲ್ಡನ್ ಇದನ್ನೆಲ್ಲ ಹೇಳಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾನೆ, ಹೇಳಿದರೆ ಎಲ್ಲರೂ ನೆನಪಾಗಲು ಶುರುವಾಗುತ್ತಾರೆ ಅಂತಾನೆ, ಹೊಡೆದ ಸ್ಟ್ರಾಡ್‌ಲೇಟರ್ ಕೂಡ. ಟೋಪಿ ಎಲ್ಲಿದೆ? ಹೇಳುವುದಿಲ್ಲ. ಗ್ಲೌಸ್, ಬಾತುಕೋಳಿ, ಮಳೆ, ಯಾವುದರ ಸುದ್ದಿಯೂ ಇಲ್ಲ. ಪ್ರತಿ ಪುಟದಲ್ಲೂ ಆ ಕೊನೆಯ ಸಾಲು ಖಾಲಿ ಬಿಡಿ.